ಫಿಜಿ ಸುದ್ದಿಯನ್ನು ಕನ್ನಡದಲ್ಲಿ ಬರೆಯುವಾಗ

ದಾವಣಗೆರೆಯ ಪತ್ರಿಕೆಯ ಡೆಸ್ಕಿಗೆ ಫಿಜಿಯ ಸುದ್ದಿ ಬರುವುದು ಇಂಗ್ಲಿಷಿನಲ್ಲಿ, ಎಡವುವುದು ಹೆಸರಿನಲ್ಲಿ. ನಮ್ಮೂರನ್ನು ಇಂಗ್ಲಿಷ್ ಫಲಕದಲ್ಲಿ ಓದಿದ ಪರವೂರಿನವರು ‘ದವನಗೆರೆ’ ಎಂದಾಗ ಕಿವಿಗೆ ಚುಚ್ಚುತ್ತದಲ್ಲ, ನಾವು ‘ಸಿಟಿವೇನಿ ರಬುಕಾ’ ಎಂದು ಅಚ್ಚು ಹಾಕಿದಾಗ ಆಗುವುದೂ ಅದೇ. 2022ರ ಡಿಸೆಂಬರ್ 24ರಂದು ಪ್ರಧಾನಿಯಾದವರು ಸಿತಿವೇನಿ ರಂಬೂಕ.

ಫಿಜಿ ಭಾಷೆಗೆ ರೋಮನ್ ಲಿಪಿಯೇ, ಆದರೆ ಅಕ್ಷರಗಳ ಉಚ್ಚಾರ ಬೇರೆ. ‘ಬಿ’ ಕಂಡಲ್ಲಿ ಹಿಂದೆ ಸೊನ್ನೆ ಸೇರಿಸಿ ‘ಂಬ’ ಮಾಡಿ: ಲಂಬಾಸ ಎಂಬ ಊರು. ‘ಡಿ’ ಇದ್ದರೆ ‘ಂದ’: ವಿಮಾನ ನಿಲ್ದಾಣದ ಊರು ‘ನಾಡಿ’ ಅಲ್ಲ, ನಮ್ಮ ಬಸವಣ್ಣನ ಹೆಸರಿನ ಹಾಗೆ ನಂದಿ. ‘ಸಿ’ಗೆ ‘ದ’ ಹತ್ತಿರ: ಹತ್ತೊಂಬತ್ತನೇ ಶತಮಾನದ ಮುಖಂಡ ದಕೊಂಬಾವ್. ‘ಕ್ಯೂ’ಗೆ ‘ಂಗ’: ಅಲ್ಲಿ ಅತಿಥಿಗೆ ಕೊಡುವ ಕಾವಾ ಪಾನೀಯ ಯಂಗೋನ. ‘ಟಿ’ ಯಾವಾಗಲೂ ‘ತ’: ಲೌತೋಕ ನಗರ. ‘ಜಿ’ಯ ಸದ್ದು ನಮ್ಮ ‘ಙ’. ಅದನ್ನೇ ಹಾಕಿದರೆ ಓದುಗರು ತಡವರಿಸುತ್ತಾರೆ, ಊರಿನ ಹೆಸರು ಸಿಂಗತೋಕ ಎಂದರೆ ಸಾಕು. ಪದದ ಮೊದಲಲ್ಲಿ ಸೊನ್ನೆ ನಿಲ್ಲದ ಕಾರಣ ರಂಬೂಕರಿಗಿಂತ ಮೊದಲು ಪ್ರಧಾನಿಯಾಗಿದ್ದ ಬೈನಿಮರಾಮರ ಹೆಸರು ಹಾಗೇ ಇರಲಿ.

ಈ ಸೂತ್ರವನ್ನು ಭಾರತೀಯ ಮೂಲದವರ ಹೆಸರಿಗೆ ಹಚ್ಚಬೇಡಿ. ರಾಜಕಾರಣಿ ಬಿಮನ್ ಪ್ರಸಾದ್, ಬಿಮನ್ ಪ್ರಸಾದರೇ. 1879ರಿಂದ 1916ರವರೆಗೆ ಕಬ್ಬಿನ ಗದ್ದೆಗೆ ಕರಾರಿನ ಮೇಲೆ ಹೋದ ಸುಮಾರು 60,000 ಜನರ ಸಂತತಿ ಅವರಲ್ಲಿ ಹೆಚ್ಚಿನವರು. ಹಾಗೆಂದು ಅವರನ್ನು ‘ಭಾರತೀಯರು’, ಉಳಿದವರನ್ನು ‘ಫಿಜಿಯನ್ನರು’ ಎಂದು ಬರೆದರೆ ದೊಡ್ಡ ತಪ್ಪು. 2013ರ ಸಂವಿಧಾನದ ಪ್ರಕಾರ ಎಲ್ಲ ಪ್ರಜೆಗಳೂ ಫಿಜಿಯನ್ನರು, ಮೂಲನಿವಾಸಿಗಳು ಇತೌಕೇಯ್. ರಾತು, ಆಂದಿ ಎಂಬವು ಮುಖಂಡ ಮನೆತನದ ಗಂಡಸು, ಹೆಂಗಸರ ಬಿರುದುಗಳು. ‘ರಾತು ಹೇಳಿದರು’ ಎಂದಷ್ಟೇ ಬರೆದರೆ ಯಾರೆಂದು ತಿಳಿಯುವುದಿಲ್ಲ.

ಚುನಾವಣಾ ವರದಿಯಲ್ಲಿ ‘ಇಂಥ ಕ್ಷೇತ್ರದಿಂದ ಗೆದ್ದರು’ ಎಂಬ ಸಾಲು ಕೈತಪ್ಪಿ ನುಸುಳುತ್ತದೆ. ದಾವಣಗೆರೆ ಉತ್ತರ, ದಕ್ಷಿಣದಂತೆ ಅಲ್ಲಿ ಕ್ಷೇತ್ರಗಳೇ ಇಲ್ಲ, ಇಡೀ ದೇಶ ಒಂದೇ ಕ್ಷೇತ್ರ. ಮತಪತ್ರದಲ್ಲಿ ಹೆಸರು, ಚಿಹ್ನೆ ಇಲ್ಲ, ಬರೀ ಅಭ್ಯರ್ಥಿಯ ಸಂಖ್ಯೆ. ಮತಗಳು ಪಕ್ಷದ ಲೆಕ್ಕಕ್ಕೆ ಸೇರುತ್ತವೆ. ಶೇ 5 ದಾಟದ ಪಕ್ಷಕ್ಕೆ ಸ್ಥಾನವಿಲ್ಲ. 2022ರಲ್ಲಿ 55 ಸ್ಥಾನಗಳು 26, 21, 5, 3 ಎಂದು ಹಂಚಿಹೋದವು. 26 ಗೆದ್ದ ಫಿಜಿಫಸ್ಟ್ ಸೋತು, ಉಳಿದ ಮೂರು ಪಕ್ಷ ಸೇರಿ ಸರ್ಕಾರ ಮಾಡಿದವು. ಪ್ರಧಾನಿಯನ್ನು ಆರಿಸಲು ಸಂಸತ್ತಿನಲ್ಲಿ ನಡೆದ ಗುಪ್ತ ಮತದಾನದಲ್ಲಿ ಬಂದದ್ದು 28–27. ‘ಅತಿದೊಡ್ಡ ಪಕ್ಷ’ ಎಂದಿದ್ದರೆ ‘ಗೆದ್ದ ಪಕ್ಷ’ ಎಂದು ಅನುವಾದಿಸಬೇಡಿ. ಮೊದಲ ರಾತ್ರಿಯ ಅಂಕಿಗಳನ್ನು ತಲೆಬರಹಕ್ಕೆ ಏರಿಸಬೇಡಿ. ಆ ಸಲ ಫಲಿತಾಂಶದ ಆ್ಯಪ್ ನಡುವೆ ನಿಂತು, ಮತ್ತೆ ಬಂದಾಗ ಮುನ್ನಡೆಯೇ ಅದಲುಬದಲಾಗಿತ್ತು.

ಹಿನ್ನೆಲೆಗೆ ಫಿಜಿ ಪತ್ರಿಕೆಗಳ ಹಳೆಯ ಸಂಚಿಕೆ ತೆಗೆಯುವಾಗ ವರ್ಷ ನೋಡಿ. 2009ರ ಏಪ್ರಿಲ್‌ನಲ್ಲಿ ಸುದ್ದಿಮನೆಗಳಲ್ಲೇ ಸೆನ್ಸಾರ್ ಕೂತಿತ್ತು. ಪತ್ರಿಕೆಗಳ ಕೈಕಟ್ಟಿದ 2010ರ ಮಾಧ್ಯಮ ಕಾಯ್ದೆ ರದ್ದಾದದ್ದು 2023ರಲ್ಲಿ. ಆ ನಡುವಿನ ಪತ್ರಿಕೆಯಲ್ಲಿ ಟೀಕೆ ಕಾಣದಿದ್ದರೆ ಟೀಕೆಯೇ ಇರಲಿಲ್ಲ ಎಂದು ಬರೆಯಬೇಡಿ.

ಕೊನೆಗೆ ಗಡಿಯಾರ. ಫಿಜಿ ನಮಗಿಂತ ಆರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 6ಕ್ಕೆ ಮತದಾನ ಮುಗಿದಾಗ ಇಲ್ಲಿ ಬೆಳಿಗ್ಗೆ 11.30. ನಮ್ಮಲ್ಲಿ ಸಂಜೆ 5.30 ಆದರೆ ಅಲ್ಲಿ ತಾರೀಖೇ ಬದಲು. ರಾತ್ರಿ ಪುಟ ಕಟ್ಟುವವರು ‘ಇಂದು’, ‘ನಿನ್ನೆ’ ತೆಗೆದು ಅಲ್ಲಿನ ತಾರೀಖನ್ನೇ ಹಾಕಿ.