ಪೈಥಾನ್ ಪ್ಯಾಕೇಜ್: ಕಳಿಸುವ ಮುನ್ನ ಬಿಚ್ಚಿ ನೋಡಿ

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸಲು ನಾನೊಂದು ಸಣ್ಣ ಪೈಥಾನ್ ಪ್ರೋಗ್ರಾಮ್ ಬರೆದುಕೊಂಡಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಅದು, ಪ್ಯಾಕೇಜ್ ಮಾಡಿ, ಅಂದರೆ ಇತರರು ಇನ್‌ಸ್ಟಾಲ್ ಮಾಡಿಕೊಳ್ಳುವಂತೆ ಕಟ್ಟಿ, ಒಂದು ಗ್ರಂಥಾಲಯಕ್ಕೆ ಕೊಟ್ಟ ದಿನವೇ ನಿಂತುಹೋಯಿತು. ಯಾವ ನುಡಿ ಸಂಕೇತಕ್ಕೆ ಯಾವ ಯೂನಿಕೋಡ್ ಅಕ್ಷರ ಎಂಬುದನ್ನು ಹೇಳುವ ಕೋಷ್ಟಕದ ಫೈಲು ಪ್ಯಾಕೇಜಿನೊಳಗೆ ಸೇರಿರಲೇ ಇಲ್ಲ. ನನ್ನ ಪರೀಕ್ಷೆಗಳೆಲ್ಲ ಪಾಸಾಗಿದ್ದವು, ಏಕೆಂದರೆ ಅವು ಪ್ಯಾಕೇಜನ್ನು ಮುಟ್ಟಿಯೇ ಇರಲಿಲ್ಲ. ಪಕ್ಕದಲ್ಲಿದ್ದ ಮೂಲ ಫೋಲ್ಡರನ್ನು ಪರೀಕ್ಷಿಸಿ ಸುಮ್ಮನಾಗಿದ್ದವು. ನಾವು ಬರೆದದ್ದು ಒಂದು, ಬಳಸುವವರ ಕೈ ಸೇರುವುದು ಇನ್ನೊಂದು ಎಂಬುದು ಅಂದು ನನಗೆ ಮನದಟ್ಟಾಯಿತು. ಈ ಎರಡೂ ಒಂದೇ ಆಗುವಂತೆ ನೋಡಿಕೊಳ್ಳುವ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಫೋಲ್ಡರಿನ ಜೋಡಣೆಯಿಂದಲೇ ಶುರುಮಾಡಿ. ಪ್ರಾಜೆಕ್ಟಿನ ಬೇರಿನಲ್ಲಿ, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರಿನಲ್ಲಿ, ಕೋಡ್ ಇಡದೆ, ಎಸ್‌ಆರ್‌ಸಿ ಎಂಬ ಒಳಫೋಲ್ಡರ್ ಮಾಡಿ ಅದರೊಳಗೆ ಇಡಿ. ಪೈಥಾನ್ ಸಾಮಾನ್ಯವಾಗಿ ತಾನು ನಿಂತಿರುವ ಫೋಲ್ಡರಿನಲ್ಲೇ ಮೊದಲು ಹುಡುಕುವುದರಿಂದ, ಕೋಡ್ ಬೇರಿನಲ್ಲಿದ್ದರೆ ಇನ್‌ಸ್ಟಾಲ್ ಆದ ಪ್ರತಿಯ ಬದಲು ಅದನ್ನೇ ಎತ್ತಿಕೊಳ್ಳುತ್ತದೆ. ನನ್ನ ಪರೀಕ್ಷೆಗಳು ಮೋಸಹೋದದ್ದು ಹೀಗೆಯೇ. ಪ್ಯಾಕೇಜಿನ ವಿವರಗಳನ್ನು ಪೈಪ್ರಾಜೆಕ್ಟ್ ಡಾಟ್ ಟಾಮ್ಲ್ ಫೈಲಿನಲ್ಲಿ ಬರೆಯಿರಿ. ಹಿಂದೆ ಬಳಕೆಯಲ್ಲಿದ್ದ ಸೆಟಪ್ ಡಾಟ್ ಪಿವೈ ಸ್ವತಃ ಒಂದು ಪ್ರೋಗ್ರಾಮ್ ಆಗಿತ್ತು; ಪ್ಯಾಕೇಜಿಗೆ ಏನೇನು ಬೇಕು ಎಂದು ತಿಳಿಯಲೂ ಅದನ್ನು ಓಡಿಸಬೇಕಿತ್ತು. 2016ರ ಪೆಪ್ 518 (ಪೆಪ್ ಎಂದರೆ ಪೈಥಾನ್ ಸುಧಾರಣೆಯ ಪ್ರಸ್ತಾವ) ಈ ಹೊಸ ಫೈಲನ್ನು ತಂದಿತು, 2020ರ ಪೆಪ್ 621 ಅದರಲ್ಲಿ ಹೆಸರು, ಆವೃತ್ತಿ, ಅವಲಂಬನೆಗಳನ್ನು (ಅದು ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳನ್ನು) ಬರೆಯುವ ಒಂದೇ ಕ್ರಮವನ್ನು ಗೊತ್ತುಮಾಡಿತು. ಪ್ಯಾಕೇಜ್ ಕಟ್ಟುವ ಸಾಧನಗಳಾದ ಸೆಟಪ್‌ಟೂಲ್ಸ್, ಹ್ಯಾಚ್‌ಲಿಂಗ್, ಫ್ಲಿಟ್ ಇವುಗಳಲ್ಲಿ ಯಾವುದು ಮೇಲು ಎಂಬ ವಾದಕ್ಕೆ ಸಮಯ ಕೊಡಬೇಡಿ. ಸಣ್ಣ ಪ್ಯಾಕೇಜಿಗೆ ಯಾವುದಾದರೂ ಸಾಕು.

ಕೋಷ್ಟಕ, ನಿಘಂಟು, ಚಿತ್ರಗಳಂತಹ ಫೈಲುಗಳ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಅವು ತಾವಾಗಿಯೇ ಸೇರಿಕೊಳ್ಳುತ್ತವೆಂದು ನಂಬಬೇಡಿ. ಸೆಟಪ್‌ಟೂಲ್ಸ್ ಬಳಸುವುದಾದರೆ ಪ್ಯಾಕೇಜ್-ಡೇಟಾ ವಿಭಾಗದಲ್ಲಿ ಅವನ್ನು ಹೆಸರಿಸಿ. ಕೋಡಿನಲ್ಲಿ ಅವನ್ನು ತೆರೆಯುವಾಗ ನಿಮ್ಮ ಯಂತ್ರದ ದಾರಿಯನ್ನು ಬರೆಯದೆ, ಪೈಥಾನಿನೊಂದಿಗೇ ಬರುವ ಇಂಪೋರ್ಟ್‌ಲಿಬ್ ರಿಸೋರ್ಸಸ್ ಮೂಲಕ ಕೇಳಿ. ಪ್ಯಾಕೇಜ್ ಎಲ್ಲಿ ಇನ್‌ಸ್ಟಾಲ್ ಆಗಿದ್ದರೂ ಅದು ಫೈಲನ್ನು ಹುಡುಕಿ ಕೊಡುತ್ತದೆ.

ಕನ್ನಡ ಪಠ್ಯವನ್ನು ಓದುವ ಪ್ರೋಗ್ರಾಮಿಗೆ ಇನ್ನೂ ಒಂದು ಅಪಾಯವಿದೆ. ಫೈಲ್ ತೆರೆಯುವ ಪ್ರತಿಯೊಂದು ಕಡೆಯೂ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಿರಿ. ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಅದೇ ರೂಢಿಯಾದ್ದರಿಂದ ಬರೆಯದಿದ್ದರೂ ನಡೆಯುತ್ತದೆ, ಆದರೆ ವಿಂಡೋಸ್‌ನಲ್ಲಿ ಪೈಥಾನ್ ಈವರೆಗೆ ಆ ಯಂತ್ರದ ಹಳೆಯ ಸಂಕೇತಪಟ್ಟಿಯನ್ನೇ ಹಿಡಿಯುತ್ತ ಬಂದಿದೆ. ಯುಟಿಎಫ್-8ರಲ್ಲಿ ‘ಕ’ ಎಂಬ ಒಂದು ಅಕ್ಷರಕ್ಕೆ ಮೂರು ಬೈಟುಗಳು. ಅವನ್ನು ಪಾಶ್ಚಾತ್ಯ ಸಂಕೇತಪಟ್ಟಿಯಿಂದ ಓದಿದರೆ ಒಂದು ‘ಕ’ದ ಜಾಗದಲ್ಲಿ ಅರ್ಥವಿಲ್ಲದ ಮೂರು ಚಿಹ್ನೆಗಳು ಕಾಣುತ್ತವೆ. ಪೈಥಾನಿನ 3.15ನೇ ಆವೃತ್ತಿಯಿಂದ ಯುಟಿಎಫ್-8 ತಾನಾಗಿಯೇ ಇರಬೇಕೆಂದು ಪೆಪ್ 686 ಹೇಳುತ್ತದೆಯಾದರೂ, ನಮ್ಮ ಕಚೇರಿಗಳ ಕಂಪ್ಯೂಟರುಗಳಲ್ಲಿ ಹಳೆಯ ಪೈಥಾನ್ ಇನ್ನೂ ಬಹುಕಾಲ ಇರುತ್ತದೆ.

ಈಗ ಬಿಲ್ಡ್ ಎಂಬ ಸಾಧನವನ್ನು ಓಡಿಸಿ. ಮೂಲ ಕೋಡಿನ ಕಟ್ಟು ಒಂದು, ವೀಲ್ ಎಂಬ ಸಿದ್ಧ ಫೈಲು ಒಂದು ಸಿಗುತ್ತವೆ. ವೀಲ್ ಎಂದರೆ ಬೇರೆ ಹೆಸರಿನ ಜಿಪ್ ಫೈಲ್ ಅಷ್ಟೇ, ಆದ್ದರಿಂದ ಅದನ್ನು ಬಿಚ್ಚಿ, ಒಳಗಿರುವ ಹೆಸರುಗಳನ್ನು ಒಂದೊಂದಾಗಿ ಓದಿ. ಇರಬೇಕಾದದ್ದು ಇದೆಯೇ, ಪಾಸ್‌ವರ್ಡ್ ಬರೆದಿಟ್ಟ ಫೈಲಿನಂತಹ ಇರಬಾರದ್ದು ನುಸುಳಿದೆಯೇ ನೋಡಿ. ಬಳಿಕ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ (ಉಳಿದವುಗಳಿಂದ ಬೇರೆಯಾದ ಖಾಲಿ ಪೈಥಾನ್ ಆವರಣ) ಮಾಡಿ, ಪ್ರಾಜೆಕ್ಟಿಗೆ ಸಂಬಂಧವೇ ಇಲ್ಲದ ಫೋಲ್ಡರಿಗೆ ಹೋಗಿ, ಅಲ್ಲಿಂದ ಆ ವೀಲನ್ನು ಇನ್‌ಸ್ಟಾಲ್ ಮಾಡಿ ಪ್ರೋಗ್ರಾಮನ್ನು ಓಡಿಸಿ. ಹತ್ತು ನಿಮಿಷದ ಈ ಕೆಲಸವನ್ನು ನಾನು ಅಂದು ಮಾಡಿದ್ದರೆ ಆ ಗ್ರಂಥಪಾಲಕರ ಒಂದು ದಿನ ಹಾಳಾಗುತ್ತಿರಲಿಲ್ಲ.

ಕಟ್ಟನ್ನು ಬಿಚ್ಚಿ ನೋಡುವುದು ಅತಿಯಾದ ಜಾಗ್ರತೆಯಲ್ಲ. 2024ರ ಮಾರ್ಚ್‌ನಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅವರು ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಹೊಗಿಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿ, ಅದರ ಬೆನ್ನುಹತ್ತಿ ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿದ್ದ ಕಳ್ಳಬಾಗಿಲನ್ನು ಪತ್ತೆಹಚ್ಚಿದರು. ಕೇಡಿನ ಕೋಡನ್ನು ಪರೀಕ್ಷಾ ಫೈಲುಗಳ ವೇಷದಲ್ಲಿ ಬಚ್ಚಿಡಲಾಗಿತ್ತು. ಅದಕ್ಕೆ ಜೀವ ಕೊಡುವ ಸ್ಕ್ರಿಪ್ಟ್ ಮಾತ್ರ ಮೂಲ ಕೋಡನ್ನು ಇಟ್ಟಿರುವ, ಎಲ್ಲರೂ ಓದುವ ಗಿಟ್ ಭಂಡಾರದಲ್ಲಿರದೆ, ಬಿಡುಗಡೆಯ ಕಟ್ಟಿನಲ್ಲಷ್ಟೇ ಇತ್ತು. ಹೆಚ್ಚುಕಡಿಮೆ ಒಬ್ಬರೇ ಹೊತ್ತಿದ್ದ ಆ ತಂತ್ರಾಂಶದೊಳಕ್ಕೆ ಸಹಾಯಕನ ರೂಪದಲ್ಲಿ ಬಂದ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಂಬಿಕೆ ಗಳಿಸಿದ್ದ. ನಮ್ಮ ಉದ್ಯಮ ಬಿಡುಗಡೆ ಮತ್ತು ನಿರ್ವಹಣೆಯನ್ನು ಚಿಲ್ಲರೆ ಕೆಲಸವೆಂದು ಬಗೆಯುವುದು ನನಗೆ ನೋವಿನ ವಿಷಯ. ಬೆಂಗಳೂರಿನಲ್ಲಿ ನಾನು ಕಂಡ ತಂಡಗಳಲ್ಲಿ ವರ್ಷದ ಮೌಲ್ಯಮಾಪನದ ಹೊತ್ತಿಗೆ ಹೊಸ ಫೀಚರ್ ಬರೆದವರ ಹೆಸರು ಬರುತ್ತದೆ, ಪ್ಯಾಕೇಜ್ ಕೆಡದಂತೆ ಕಾದವರ ಹೆಸರು ಬರುವುದಿಲ್ಲ. ನೀವು ತಂಡ ನಡೆಸುವವರಾಗಿದ್ದರೆ ಈ ಕೆಲಸಕ್ಕೆ ಅನುಭವಿಗಳನ್ನು ಹಾಕಿ, ಅದಕ್ಕೆ ಸಮಯವನ್ನೂ ಲೆಕ್ಕಹಾಕಿ ಕೊಡಿ.

ಅವಲಂಬನೆಗಳನ್ನು ಸೇರಿಸುವಾಗ ಕೈ ಬಿಗಿಯಾಗಿರಲಿ. 2016ರಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಜಾವಾಸ್ಕ್ರಿಪ್ಟ್ ಪ್ಯಾಕೇಜನ್ನು ಅದರ ಲೇಖಕರು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಿಂದ ಹಿಂತೆಗೆದಾಗ, ಅದನ್ನು ನೆಚ್ಚಿಕೊಂಡಿದ್ದ ಬೇಬಲ್‌ನಂತಹ ದೊಡ್ಡ ಸಾಧನಗಳೂ ಇನ್‌ಸ್ಟಾಲ್ ಆಗದೆ ಕೂತವು. ಇಪ್ಪತ್ತು ಸಾಲಿನಲ್ಲಿ ನೀವೇ ಬರೆಯಬಹುದಾದದ್ದನ್ನು ಬರೆದುಕೊಳ್ಳಿ. ಗೂಢಲಿಪೀಕರಣ, ದಿನಾಂಕದ ಲೆಕ್ಕಗಳಂತಹವನ್ನು ಮಾತ್ರ ಬಲ್ಲವರಿಗೆ ಬಿಡಿ. ಇತರರು ಬಳಸುವ ಲೈಬ್ರರಿಯಾದರೆ ಕನಿಷ್ಠ ಆವೃತ್ತಿಯನ್ನಷ್ಟೇ ಹೇಳಿ; ಗರಿಷ್ಠವನ್ನೂ ಕಟ್ಟಿಹಾಕಿದರೆ ಬೇರೆ ಪ್ಯಾಕೇಜುಗಳೊಂದಿಗೆ ಜಗಳ ಹುಟ್ಟುತ್ತದೆ. ನೀವೇ ಓಡಿಸುವ ಅಪ್ಲಿಕೇಶನ್ ಆದರೆ ಪ್ರತಿಯೊಂದರ ನಿಖರ ಆವೃತ್ತಿಯನ್ನೂ ಹ್ಯಾಶ್ (ಫೈಲು ಬದಲಾಗಿದೆಯೇ ಎಂದು ತೋರಿಸುವ ಬೆರಳಚ್ಚು) ಸಮೇತ ಲಾಕ್ ಫೈಲ್ ಎಂಬ ಪಟ್ಟಿಯಲ್ಲಿಡಿ.

ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವೇ ಪೈಪಿಐ. ಪ್ರಕಟಿಸುವಾಗ ಮೊದಲು ಅದರ ಪರೀಕ್ಷಾ ರೂಪವಾದ ಟೆಸ್ಟ್‌ಪೈಪಿಐಗೆ ಏರಿಸಿ, ಅಲ್ಲಿಂದ ಇನ್‌ಸ್ಟಾಲ್ ಮಾಡಿ ನೋಡಿ. ನಿಜವಾದ ಪೈಪಿಐಗೆ ಏರಿಸಲು ಟೋಕನ್ನುಗಳನ್ನು (ಪಾಸ್‌ವರ್ಡಿನಂತಹ ಗುಟ್ಟಿನ ಕೀಲಿಗಳನ್ನು) ಅಲ್ಲಲ್ಲಿ ಬರೆದಿಡುವ ಬದಲು, 2023ರಿಂದ ಲಭ್ಯವಿರುವ ಟ್ರಸ್ಟೆಡ್ ಪಬ್ಲಿಷಿಂಗ್ ಬಳಸಿ. ಅಲ್ಪಾಯುಷಿ ಟೋಕನ್ ಆಯಾ ಹೊತ್ತಿಗೆ ಹುಟ್ಟಿ ಮುಗಿದುಹೋಗುವುದರಿಂದ ಕದಿಯಲು ಸಿಗುವುದು ಕಡಿಮೆ. ಒಮ್ಮೆ ಏರಿಸಿದ ಫೈಲಿನ ಹೆಸರನ್ನು, ಅಳಿಸಿದರೂ, ಮತ್ತೆ ಬಳಸಲು ಪೈಪಿಐ ಬಿಡುವುದಿಲ್ಲ. ಆದ್ದರಿಂದ 0.1.0ರಲ್ಲಿ ತಪ್ಪು ಕಂಡರೆ ಅದನ್ನು ಅಳಿಸದೆ ಯಾಂಕ್ ಮಾಡಿ, ಅಂದರೆ ಬಳಸಬಾರದ್ದೆಂದು ಗುರುತು ಹಾಕಿ. ಆಗ ಹೊಸಬರಿಗೆ ಅದು ಸಿಗುವುದಿಲ್ಲ, ನಿಖರವಾಗಿ ಅದೇ ಆವೃತ್ತಿಯನ್ನು ಹೆಸರಿಸಿ ಕಟ್ಟಿಕೊಂಡವರ ಕೆಲಸವೂ ನಿಲ್ಲುವುದಿಲ್ಲ. ಸರಿಪಡಿಸಿದ್ದನ್ನು 0.1.1 ಎಂದು ಏರಿಸಿ, ಆ ವೀಲನ್ನೂ ಏರಿಸುವ ಮೊದಲು ಬಿಚ್ಚಿ ನೋಡಿ.