ಹರಿಗೋಲಿನ ದುಡ್ಡು: ಗಂಡಸ್ರೇ ತುಂಬಿದ್ದ ಕಾದಂಬರಿಗೆ ಒಬ್ಬ ಹೆಂಗಸನ್ನ ತಂದ ನನ್ನ ಅನುಭವ

ಒಂದು ಕಾದಂಬರಿಯಿಂದ ನಾನು ಸ್ಕ್ರಿಪ್ಟ್ ಬರೆದ ಸಿನಿಮಾದ ಪ್ರಿವ್ಯೂ ಹೋದ ತಿಂಗಳು ಆಯ್ತು, ಎಂಬತ್ತು ತೊಂಬತ್ತು ಜನ ಇದ್ರು. ನಾನು ತಂದ ಆ ಹೆಂಗಸು ಗಂಗಿ "ಹರಿಗೋಲಿನ ದುಡ್ಡು ಇಟ್ಟು ಮುಂದಕ್ಕೆ ಹೋಗಿ" ಅಂದಾಗ ಇಡೀ ಹಾಲ್ ಚಪ್ಪಾಳೆ ಹೊಡೀತು. ಎರಡೂವರೆ ವರ್ಷ "ಇದು ವರ್ಕೌಟ್ ಆಗಲ್ಲ" ಅಂತಾನೇ ಇದ್ದ ಪ್ರೊಡ್ಯೂಸರ್ರೇ ಮೊದಲು ತಟ್ಟಿದ್ದು. ನನ್ನ ದಾರಿ ಸರಿ ಇತ್ತು ಅಂತ ಈಗ ಧೈರ್ಯವಾಗಿ ಹೇಳ್ಬಹುದು, ಅದಕ್ಕೇ ಬರೀತಿದೀನಿ.

ಕಾದಂಬರಿ ಹಳೇ ಕಾಲದ ಮಾಂತ್ರಿಕ ಕಥೆ, ಹೆಸರು ಈಗ ಬೇಡ. ರಾಜಕುಮಾರ, ಮಂತ್ರಿ ಮಗ, ಗುರು, ಒಬ್ಬ ಕಳ್ಳ, ಸೈನಿಕರು, ಒಟ್ಟು ಹನ್ನೊಂದು ಗಂಡಸ್ರು ಹೊಳೆ ದಾಟಿ ಗವಿಯೊಳಗಿನ ಮಣಿ ತರೋಕೆ ಹೋಗ್ತಾರೆ. ಹೆಂಗಸು ಅಂದ್ರೆ ಮೊದಲನೇ ಅಧ್ಯಾಯದಲ್ಲಿ ಬುತ್ತಿ ಕಟ್ಟಿಕೊಡೋ ತಾಯಿ, ಮುಗೀತು. ರೈಟ್ಸ್‌ಗೆ ಒಂದೂವರೆ ಲಕ್ಷದ ಹತ್ರ ಹೋಯ್ತು, ನನಗೆ ಅಡ್ವಾನ್ಸ್ ಬಂದಿದ್ದು ನಲವತ್ತು ಸಾವಿರ, ಅದರಲ್ಲಿ ನಾಲ್ಕು ಡ್ರಾಫ್ಟ್ ಬರೆದೆ.

ಮೊದಲನೇ ಡ್ರಾಫ್ಟಲ್ಲಿ ಎಲ್ರೂ ಮಾಡೋದನ್ನೇ ಮಾಡಿದೆ, ಮಂತ್ರಿ ಮಗನಿಗೆ ಒಬ್ಬಳು ರಾಜಕುಮಾರಿ, ಒಂದು ಹಾಡು. ಪ್ರೊಡ್ಯೂಸರ್ ಖುಷ್. ಆಮೇಲೆ ಒಂದಿನ ಸುಮ್ನೆ ಅವಳ ಹನ್ನೊಂದೋ ಹನ್ನೆರಡೋ ಸೀನ್ ಕಿತ್ತು ಇಬ್ರು ಫ್ರೆಂಡ್ಸ್‌ಗೆ ಓದೋಕೆ ಕೊಟ್ಟೆ, ಏನೋ ಕಮ್ಮಿಯಾಗಿದೆ ಅಂತ ಒಬ್ರಿಗೂ ಅನ್ನಿಸ್ಲಿಲ್ಲ. ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. 'ದಿ ಹಾಬಿಟ್'ಗೂ ಇದೇ ತಾನೇ ಆಗಿದ್ದು. 1937ರ ಪುಸ್ತಕದಲ್ಲಿ ಇಲ್ಲದ ಟೌರಿಯೆಲ್‌ನ 2013ರ ಸಿನಿಮಾದಲ್ಲಿ ತಂದ್ರು, ಬಿಲ್ಲು ಬಾಣ ಎಲ್ಲಾ ಕೊಟ್ರು, ಆದ್ರೆ ಕೊನೆಗೆ ಅವಳ ಕಥೆ ಕೀಲಿ ಅನ್ನೋ ಕುಳ್ಳ ಯೋಧನ ಮೇಲಿನ ಪ್ರೀತಿಗೇ ಹೋಗಿ ನಿಂತ್ಕೊಳ್ತು. ನನಗೆ ಅವಳ ಮೇಲೆ ಇವತ್ತಿಗೂ ಮರುಕ ಇದೆ.

ಎರಡನೇ ಡ್ರಾಫ್ಟಲ್ಲಿ ಕತ್ತಿ ಹಿಡಿದ ವೀರವನಿತೆ. ಎಲ್ಲೂ ಸೋಲಲ್ಲ, ಎಲ್ಲೂ ತಪ್ಪು ಮಾಡಲ್ಲ, ಅವಳು ಬಂದ ತಕ್ಷಣ ಸೀನ್ ಸತ್ತುಹೋಗ್ತಿತ್ತು. ಮೇಲಾಗಿ ಡೂಪ್, ಕುದುರೆ ಟ್ರೈನಿಂಗ್ ಅಂತ ಐದಾರು ಲಕ್ಷ ಎಕ್ಸ್‌ಟ್ರಾ ಬಜೆಟ್ ಬಂತು. ಪ್ರೊಡ್ಯೂಸರ್ ಫೈಲ್ ಮುಚ್ಚಿ "ಹೆಂಗಸ್ರೇ ಬೇಡ, ಪುಸ್ತಕದಲ್ಲಿ ಇದ್ದ ಹಾಗೇ ತೆಗೆಯೋಣ" ಅಂದ್ರು.

ಮಧ್ಯೆ ಒಂದು ಪ್ರಯೋಗ ಮಾಡಿದೆ, ಇದು ಕನ್ನಡದಲ್ಲಿ ಬರೆಯೋರಿಗೆ ಉಪಯೋಗಕ್ಕೆ ಬರುತ್ತೆ. ನಮ್ಮಲ್ಲಿ ಹೋದ, ಹೋದಳು ಅಂದ ತಕ್ಷಣ ಗಂಡು ಹೆಣ್ಣು ಗೊತ್ತಾಗಿಬಿಡುತ್ತೆ, ಬರೀ ಹೆಸರು ಬದಲಾಯಿಸಿದ್ರೆ ಆಗಲ್ಲ. ಅದಕ್ಕೆ ಇಡೀ ಸ್ಕ್ರಿಪ್ಟನ್ನ 'ಅವರು ಬಂದ್ರು, ಅವರು ಹೇಳಿದ್ರು' ಅಂತ ಬಹುವಚನಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ನಂಬರ್ ಕೊಟ್ಟು, ಏಳು ಜನರ ಹತ್ರ ಓದಿಸಿದೆ, ಯಾರು ಹೆಣ್ಣಿರಬಹುದು ಹೇಳಿ ಅಂತ. ಐದು ಜನ ಹೇಳಿದ್ದು ಒಂದೇ ನಂಬರ್, ನೀರಿನ ಸುಳಿ ನೋಡಿ ದಾರಿ ಹೇಳೋ ಮುದಿ ಸೈನಿಕ! ಯಾಕೆ ಅಂದ್ರೆ "ಇವರೊಬ್ರಿಗೇ ಮನೆಗೆ ವಾಪಸ್ ಹೋಗೋ ಚಿಂತೆ ಇದೆ" ಅಂದ್ರು.

ಅಲ್ಲಿಗೆ ನನಗೆ ದಾರಿ ಸಿಕ್ತು. ಹೊಸಬಳನ್ನ ತಂದು ಪಕ್ಕಕ್ಕೆ ನಿಲ್ಲಿಸೋದಲ್ಲ, ಕಥೆಯಲ್ಲಿ ಈಗಾಗ್ಲೇ ಇರೋ ಕೆಲಸವನ್ನ ಅವಳ ಕೈಗೆ ಕೊಡೋದು. 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ 2001ರ ಸಿನಿಮಾದಲ್ಲಿ, ಪುಸ್ತಕದ ಗ್ಲಾರ್‌ಫಿಂಡೆಲ್ ಅನ್ನೋ ಗಂಡಸಿನ ಕೆಲಸ ಆರ್ವೆನ್ ಅನ್ನೋಳಿಗೆ ಕೊಟ್ರಲ್ಲ, ಗಾಯಗೊಂಡ ಫ್ರೋಡೋನ ಕುದುರೆ ಮೇಲೆ ಹೊಳೆ ದಾಟಿಸೋದು, ಹಾಗೆ. ಜೊತೆಗೆ ಅವಳಿಗೆ ಬರೋಕೆ ಅವಳದ್ದೇ ಕಾರಣ ಬೇಕು. 'ದಿ ಲಾಸ್ಟ್ ವರ್ಲ್ಡ್' 1912ರ ಕಾದಂಬರಿಯಲ್ಲಿ ಸಾಹಸಕ್ಕೆ ಹೋಗೋರೆಲ್ಲ ಗಂಡಸ್ರು, 1925ರ ಮೂಕಿ ಸಿನಿಮಾದವರು ಪೌಲಾ ವೈಟ್ ಅನ್ನೋಳನ್ನ ತಂದ್ರು, ಅವಳು ಹೊರಟಿದ್ದು ಕಳೆದುಹೋದ ಅಪ್ಪನ್ನ ಹುಡುಕೋಕೆ. ನಮ್ಮ ಲಕ್ಷ್ಮೀಶನ ಜೈಮಿನಿ ಭಾರತದ ಪ್ರಮೀಳೆನೂ ನೋಡಿ, ಯಜ್ಞದ ಕುದುರೆ ಅವಳ ನಾಡಿಗೆ ಬಂತು, ಕಟ್ಟಿಹಾಕಿದ್ಲು, ಅರ್ಜುನ ನಿಂತು ಮಾತಾಡಲೇಬೇಕಾಯ್ತು.

ಆ ಕುದುರೆಯಿಂದಲೇ ನನ್ನ ಸೀನ್ ಹುಟ್ಟಿತು. ಕಾದಂಬರಿ ಮತ್ತೆ ಓದಿದಾಗ ನಡುವೆ ಎಲ್ಲೋ ಒಂದು ಸಾಲು ಸಿಕ್ತು, ಅಂಬಿಗನ ಹೆಂಡತಿ ದಡದಲ್ಲಿ ದೀಪ ಹಿಡ್ಕೊಂಡು ನಿಂತಿದ್ಲು ಅಂತ. ಅವಳೇ ಗಂಗಿ. ಗಂಡ ಜ್ವರದಲ್ಲಿ ಮಲಗಿದಾನೆ, ಹರಿಗೋಲು ಅವಳೇ ಹಾಕ್ತಾಳೆ. ಬೇಡ ಅಂದ್ರೂ ರಾಜಕುಮಾರ ಕುದುರೆ ಹತ್ತಿಸ್ತಾನೆ, ಗೊರಸು ಬಿದಿರಿನ ಹೆಣಿಗೆ ಮುರ್ಕೊಂಡು ಕೆಳಗೆ ಇಳಿಯುತ್ತೆ, ನೀರು ಬುಗ್ ಅಂತ ಒಳಗೆ ಬರುತ್ತೆ. ದಡ ಸೇರಿದ ಮೇಲೆ ದುಡ್ಡು ಕೇಳ್ತಾಳೆ. ವಾಪಸ್ ಬಂದಾಗ ಕೊಡ್ತೀನಿ ಅಂತಾನೆ. "ನೀವು ವಾಪಸ್ ಬರ್ತೀರಿ ಅಂತ ಯಾರಂದ್ರು? ನಾನೂ ಬರ್ತೀನಿ" ಅಂತಾಳೆ. ಹರಿದ ಹರಿಗೋಲನ್ನ ಆಮೆ ಚಿಪ್ಪಿನ ಹಾಗೆ ಬೆನ್ನ ಮೇಲೆ ಹೊತ್ಕೊಂಡು ಹಿಂದೆ ನಡೀತಾಳೆ. ಕ್ಲೈಮ್ಯಾಕ್ಸಲ್ಲಿ ಶತ್ರುಗಳ ದೊಡ್ಡ ದೋಣಿ ಬಂಡೆಗೆ ಸಿಕ್ಕಿಹಾಕ್ಕೊಳ್ಳುತ್ತೆ, ತಳ ಚಪ್ಪಟೆ ಇರೋ ಹರಿಗೋಲು ದಾಟಿಬಿಡುತ್ತೆ. ಮುದಿ ಸೈನಿಕ, ಅಂಬಿಗ ಇಬ್ಬರ ಕೆಲಸಾನೂ ಅವಳದ್ದೇ.

ಪ್ರೊಡ್ಯೂಸರ್ ತಕರಾರು "ಇನ್ನೊಂದು ಕ್ಯಾರವಾನ್, ಇನ್ನೊಂದು ಮೇಕಪ್" ಅಂತ. ನಾನು ಕಾಲ್‌ಶೀಟ್ ಹಾಳೆನೇ ಮುಂದೆ ಇಟ್ಟೆ, ಇಬ್ಬರು ನಟರ ಹದಿನಾಲ್ಕು ಹದಿನೈದು ದಿನ ಉಳೀತು, ಅವಳ ಖರ್ಚೆಲ್ಲ ಕಳೆದ್ರೂ ಮೂರು ಲಕ್ಷದಷ್ಟು ಮಿಕ್ತು. ಆಮೇಲೆ ಮಾತಿಲ್ಲ. ನಟಿಗೆ ಒಂಬತ್ತು ದಿನ ಹುಟ್ಟು ಹಾಕೋದು ಕಲಿಸಿದ್ವಿ, ಮೊದಲ ಮೂರು ದಿನ ಹರಿಗೋಲು ನಿಂತಲ್ಲೇ ಗಿರಗಿರ ತಿರುಗ್ತಿತ್ತು, ಅಂಗೈಯೆಲ್ಲ ಬೊಬ್ಬೆ. ಆ ಬೊಬ್ಬೆ ಕ್ಲೋಸಪ್ಪಲ್ಲಿ ಹಾಗೇ ಇದೆ, ಮೇಕಪ್ ಅಲ್ಲ.

ಕೊನೆಗೆ ದುಡ್ಡು ಸಿಗುತ್ತಾ ಇಲ್ವಾ, ಆ ಸೀನ್ ಹೇಗೆ ಕಟ್ಟಿದೆ ಅಂತ ಹೇಳಲ್ಲ, ಸಿನಿಮಾದಲ್ಲೇ ನೋಡಿ. ಯಾವ ಕೆಲಸ ಯಾರಿಗೆ ಅಂತ ಆರಿಸೋಕೆ ನಾನು ಹಾಕೋ ಪಟ್ಟಿ ಒಂದಿದೆ, ಅದೂ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ. ಈಗ ಅದೇ ಪ್ರೊಡ್ಯೂಸರ್ ಇನ್ನೊಂದು ಕಾದಂಬರಿ ಕೊಟ್ಟಿದಾರೆ. ಅದರಲ್ಲಿ ದೀಪ ಹಿಡಿದ ಆ ಥರದ ಒಂದು ಸಾಲೂ ಕಾಣ್ತಿಲ್ಲ, ಎರಡು ಸಲ ಓದಿದೀನಿ, ನಿನ್ನೆಯಿಂದ ಮೂರನೇ ಸಲ ಶುರು ಮಾಡಿದೀನಿ.