ಒಂದೇ ಲ್ಯಾಪ್‌ಟಾಪ್, ಎರಡು ಗ್ರಾಫಿಕ್ಸ್ ಡ್ರೈವರ್

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದು ಡಿಟಿಪಿ ಕೆಲಸ. ನುಡಿ ತಂತ್ರಾಂಶದಲ್ಲಿ ಮದುವೆ ಕಾಗದ, ಯಕ್ಷಗಾನದ ಕರಪತ್ರ ಟೈಪ್ ಮಾಡಲು ನನಗೆ ವಿಂಡೋಸ್ ಬೇಕು. ಹತ್ತನೇ ತರಗತಿಯ ಮಗಳಿಗೆ ಉಬುಂಟು, ಅಂದರೆ ವಿಂಡೋಸಿನ ಬದಲು ಬಳಸುವ ಲಿನಕ್ಸಿನ ಒಂದು ಬಗೆ, ಬೇಕು. ಕೇರಳದ ಶಾಲೆಗಳಲ್ಲಿ ಐಟಿ ಪಾಠ ಲಿನಕ್ಸಿನಲ್ಲೇ ಅಲ್ವಾ. ಹಾಗಾಗಿ ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿವೆ.

ಕಳೆದ ತಿಂಗಳು ಅವಳು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ತೆರೆದಾಗ ಚಿತ್ರ ತುಂಡು ತುಂಡಾಗಿ ಕಾಣತೊಡಗಿತು. ಎಚ್‌ಡಿಎಂಐಗೆ ಹಾಕಿದ ದೊಡ್ಡ ಮಾನಿಟರ್ ಕಪ್ಪಾಗಿಯೇ ಉಳಿಯಿತು. ವಿಂಡೋಸಿನಲ್ಲಿ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಚಿಪ್ಪನ್ನು ನಡೆಸುವ ತಂತ್ರಾಂಶ, ಹೊಸದು ಮಾಡಿದೆ, ಉಬುಂಟುವಿನಲ್ಲಿ ಏನೂ ಬದಲಾಗಲಿಲ್ಲ. ಒಂದು ಕಡೆ ಹಾಕಿದ ಡ್ರೈವರ್ ಇನ್ನೊಂದು ಕಡೆಗೆ ಸಿಗುವುದಿಲ್ಲ. ಎರಡೂ ಕಡೆ ಬೇರೆ ಬೇರೆ ಮಾಡಲೇಬೇಕು.

ಶುರು ಮಾಡುವ ಮೊದಲು ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಟರಿ ತುಂಬಿರಲಿ. ತುಲಾ ತಿಂಗಳ ಸಂಜೆ ಸಿಡಿಲಿರುವಾಗ ಈ ಕೆಲಸಕ್ಕೆ ಕೂರಬೇಡಿ.

ವಿಂಡೋಸಿನದು ಸುಲಭ. ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಅಡಿಯಲ್ಲಿ ನನಗೆ ಇಂಟೆಲ್, ಎನ್‌ವಿಡಿಯಾ ಎಂಬ ಎರಡೂ ಕಂಪನಿಗಳ ಗ್ರಾಫಿಕ್ಸ್ ಚಿಪ್ ಕಂಡವು. ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಡ್ರೈವರ್ ಟ್ಯಾಬಿನಲ್ಲಿ ತಾರೀಕು ಸಿಗುತ್ತದೆ. ಅಲ್ಲಿನ ಅಪ್‌ಡೇಟ್ ಬಟನ್ ಒಳ್ಳೆಯ ಡ್ರೈವರ್ ಈಗಾಗಲೇ ಇದೆ ಎಂದರೂ ನಂಬಿ ಬಿಡಬೇಡಿ. ಇಂಟೆಲಿನದನ್ನು ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ, ಎನ್‌ವಿಡಿಯಾದ್ದನ್ನು ಅದರ ಸೈಟಿನಿಂದಲೇ ಇಳಿಸಿಕೊಳ್ಳಿ. ಹಾಕುವಾಗ ಸ್ಕ್ರೀನ್ ಒಂದೆರಡು ಸಲ ಕಪ್ಪಾಗುತ್ತದೆ, ಹೆದರಬೇಡಿ. ಮುಗಿದ ಮೇಲೆ ಶಟ್‌ಡೌನ್ ಬೇಡ, ರೀಸ್ಟಾರ್ಟ್ ಕೊಡಿ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ. ಆಗ ಉಬುಂಟುವಿನಿಂದ ವಿಂಡೋಸ್ ಇರುವ ಡಿಸ್ಕ್ ಭಾಗಕ್ಕೆ ಬರೆಯಲು ಆಗದೇ ಹೋಗಬಹುದು. ಹೊಸ ಡ್ರೈವರ್ ತೊಂದರೆ ಕೊಟ್ಟರೆ ಅದೇ ಟ್ಯಾಬಿನಲ್ಲಿ ರೋಲ್ ಬ್ಯಾಕ್ ಇದೆ.

ಉಬುಂಟುವಿನಲ್ಲಿ ಇಂಟೆಲಿಗೆ ಬೇರೆ ಕೆಲಸವಿಲ್ಲ, ಮಾಮೂಲಿ ಅಪ್‌ಡೇಟಿನಲ್ಲೇ ಬರುತ್ತದೆ. ಎನ್‌ವಿಡಿಯಾಕ್ಕೆ ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್ ತೆರೆದು ಅಡಿಷನಲ್ ಡ್ರೈವರ್ಸ್‌ಗೆ ಹೋಗಿ. ಸಾಲಾಗಿ ಕಾಣುವವುಗಳಲ್ಲಿ ಟೆಸ್ಟೆಡ್ ಎಂದಿರುವುದನ್ನು ಆರಿಸಿ ಅಪ್ಲೈ ಕೊಡಿ. ಎನ್‌ವಿಡಿಯಾ ಸೈಟಿನ ಲಿನಕ್ಸ್ ಫೈಲ್ ಇಲ್ಲಿಗೆ ಬೇಡ. ಕರ್ನಲ್, ಅಂದರೆ ಉಬುಂಟುವಿನ ತಿರುಳು, ಮುಂದೆ ಅಪ್‌ಡೇಟ್ ಆದಾಗ ಅದು ಕೈಕೊಡಬಹುದು.

ನಾನು ತಪ್ಪಿದ್ದು ಇನ್ನೊಂದು ಕಡೆ. ನಂಬಿಕೆಯ ಸಹಿಯಿಲ್ಲದ ತಂತ್ರಾಂಶ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಹೊಸದೊಂದು ಪಾಸ್‌ವರ್ಡ್ ಇಡಲು ಕೇಳಬಹುದು. ಕನಿಷ್ಠ 8 ಅಕ್ಷರ ಬೇಕು. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಬಂದು ಯಾವುದಾದರೂ ಕೀ ಒತ್ತಿ ಎನ್ನುತ್ತದೆ. ಕಾಯುವುದು 10 ಸೆಕೆಂಡು ಮಾತ್ರ. ಮೊದಲ ಸಲ ನಾನು ಚಾ ತರಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಉಬುಂಟು ತೆರೆದಿತ್ತು, ಡ್ರೈವರ್ ಮಾತ್ರ ಕೆಲಸ ಮಾಡುತ್ತಿರಲಿಲ್ಲ. ಡ್ರೈವರ್ ತೆಗೆದು ಮತ್ತೊಮ್ಮೆ ಹಾಕಿ ಕಣ್ಣು ಮಿಟುಕಿಸದೆ ಕುಳಿತೆ. ಕೀ ಒತ್ತಿ ಎನ್‌ರೋಲ್ ಮೋಕ್, ಕಂಟಿನ್ಯೂ, ಯೆಸ್ ಅನ್ನಿ, ಆ ಪಾಸ್‌ವರ್ಡ್ ಹಾಕಿ, ರೀಬೂಟ್ ಕೊಡಿ. ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ, ಆದರೂ ಅದು ಸೇರುತ್ತಿರುತ್ತದೆ.

ಈ ಸಲ ದೊಡ್ಡ ಮಾನಿಟರ್ ಬೆಳಗಿತು. ನಿಮಗೆ ಉಬುಂಟು ಕಪ್ಪಾಗಿಯೇ ನಿಂತರೆ ಆನ್ ಮಾಡುವಾಗ ವಿಂಡೋಸೋ ಉಬುಂಟುವೋ ಎಂದು ಕೇಳುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಿಂದ ಹಳೆಯ ಕರ್ನಲ್ ಆರಿಸಿ ನೋಡಿ. ಒಳಗೆ ಹೋಗಲು ಸಾಧ್ಯವಾದರೆ ಅದೇ ಅಡಿಷನಲ್ ಡ್ರೈವರ್ಸ್‌ನಲ್ಲಿ ಹಿಂದಿನದಕ್ಕೆ ಮರಳಬಹುದು.